ಪರಾಜಿತ ಮಹಾಶಯರ ಸನ್ನಿಧಿಗೆ

ಪಣವೊಡ್ಡಿ ಸೋತ ಸಮಸ್ತ ಮಹನೀಯರಲ್ಲಿ ಸವಿನಯ ವಿಜ್ಞಾಪನೆಗಳು.

ಉಭಯ ಕುಶಲೋಪರಿ ಎಂದು ಪತ್ರವನ್ನಾರಂಭಿಸುವುದು ಹಿರಿಯರಿಂದ ಬಂದ ವಾಡಿಕೆಯಾದರೂ, ತಮ್ಮ ಕುಶಲವನ್ನು ಬಲ್ಲೆನೆಂದು ನಟಿಸುವಷ್ಟು ಧಾರ್ಷ್ಟ್ಯ ನನಗಿಲ್ಲವಾದುದರಿಂದ ನೇರವಾಗಿ ವಿಷಯಕ್ಕೆ ಬರುತ್ತೇನೆ. ಇದು ಕೃತಜ್ಞತಾನಿವೇದನೆ. ಜೂಜಿನ ಉದ್ಯಮದ ಆದಾಯ ಏರಿತೆಂಬ ವಾರ್ತೆ ಬಂದಾಗಲೆಲ್ಲ ಬಂಡವಾಳ ಹೂಡಿದವರನ್ನು ಅಭಿನಂದಿಸುತ್ತಾರೆ, ಯಂತ್ರವಿದ್ಯಾಪ್ರವೀಣರನ್ನು ಕೊಂಡಾಡುತ್ತಾರೆ, ಜಾಹೀರಾತಿನಲ್ಲಿ ನಗುತ್ತ ನಿಂತ ಕ್ರಿಕೆಟ್ ವೀರರಿಗೆ ಸಂಭಾವನೆ ಸಲ್ಲಿಸುತ್ತಾರೆ. ಆದರೆ ಆ ಆದಾಯವನ್ನು ರೂಪಾಯಿ ರೂಪಾಯಿಯಾಗಿ ತೆತ್ತ ತಮ್ಮನ್ನು ಕರೆದು ಒಂದು ಶಾಲು ಹೊದಿಸಿದವರನ್ನು ನಾನು ಈವರೆಗೆ ಕಂಡಿಲ್ಲ.

ಈ ಉದ್ಯಮದ ಲೆಕ್ಕ ಬಲು ಸರಳವಾದುದು. ಆಟಗಾರರು ಒಡ್ಡಿದ ಪಣದ ಒಟ್ಟು ಮೊತ್ತದಲ್ಲಿ ಗೆದ್ದವರಿಗೆ ಕೊಟ್ಟುದನ್ನು ಕಳೆದರೆ ಉಳಿಯುವುದೇ ಕ್ಯಾಸಿನೋದ ಒಟ್ಟು ಆದಾಯ. ಎಂದರೆ ತಾವು ಕಳೆದುಕೊಂಡುದಕ್ಕೂ ಅವರು ಗಳಿಸಿದುದಕ್ಕೂ ನಡುವೆ ಒಂದು ಕಾಸಿನ ಅಂತರವಿಲ್ಲ. ಅಮೆರಿಕದಲ್ಲಿ ವಾಣಿಜ್ಯ ಕ್ಯಾಸಿನೋಗಳು, ಆಟೋಟಗಳ ಮೇಲಿನ ಬಾಜಿ, ಅಂತರ್ಜಾಲದ ಜೂಜು ಇವೆಲ್ಲವೂ ಸೇರಿ 2024ರಲ್ಲಿ ಸುಮಾರು 7,200 ಕೋಟಿ ಡಾಲರುಗಳನ್ನು ಗಳಿಸಿ, ಸತತ ನಾಲ್ಕನೆಯ ವರ್ಷವೂ ದಾಖಲೆಯನ್ನು ಸ್ಥಾಪಿಸಿದುವೆಂದು ಅಲ್ಲಿಯ ಉದ್ಯಮಸಂಘ ಹರ್ಷಿಸಿತು. ದಾಖಲೆ ತಮ್ಮ ಬಂಧುಗಳದು. ಹರ್ಷ ಮಾತ್ರ ಸಂಘದ್ದು. ಇದರಲ್ಲಿ ವಂಚನೆಯನ್ನು ಹುಡುಕುವುದು ವ್ಯರ್ಥ. ಯೂರೋಪಿನ ರೂಲೆಟ್ ಚಕ್ರದಲ್ಲಿ ಮನೆಗಳು 37; ಸರಿಯಾದ ಅಂಕವನ್ನು ಹಿಡಿದವನಿಗೆ ದೊರೆಯುವ ಲಾಭ ಪಣದ 35 ಪಟ್ಟು. ಈ ಅಲ್ಪ ವ್ಯತ್ಯಾಸದಿಂದ ನೂರಕ್ಕೆ ಸುಮಾರು 2.7ರಂತೆ ಮಾಲೀಕನ ಪಾಲು ಸಿದ್ಧವಾಗುತ್ತದೆ. ಅವನು ಮೋಸಮಾಡಬೇಕಾಗಿಲ್ಲ, ತಾವು ಆಡುತ್ತಿದ್ದರೆ ಸಾಕು.

ತಮ್ಮ ಸೋಲಿನ ಸ್ವರೂಪವನ್ನು ನಿರ್ಣಯಿಸಲು ನಮ್ಮ ನ್ಯಾಯಾಲಯಗಳು ಪಟ್ಟ ಶ್ರಮವನ್ನೂ ನೆನೆಯತಕ್ಕದ್ದು. ಬೆಂಗಳೂರಿನಲ್ಲಿ ಅಚ್ಚಾಗುತ್ತಿದ್ದ ‘ಸ್ಪೋರ್ಟಿಂಗ್ ಸ್ಟಾರ್’ ಎಂಬ ವಾರಪತ್ರಿಕೆಯ ಬಹುಮಾನಸ್ಪರ್ಧೆಗಳ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯವು 1957ರಲ್ಲಿ ಜೂಜು ವ್ಯಾಪಾರವೇ ಅಲ್ಲವೆಂದು ಸಾರಿತು. ಆದರೆ ಕೌಶಲದ ಸ್ಪರ್ಧೆ ಜೂಜಲ್ಲವೆಂಬ ಕಿರುಬಾಗಿಲನ್ನು ತೆರೆದಿರಿಸಿತು. ಆ ಬಾಗಿಲಿನಿಂದ 1967ರಲ್ಲಿ ರಮ್ಮಿಯೂ, 1996ರಲ್ಲಿ ಕುದುರೆಯೂ ಒಳಹೊಕ್ಕುವು. ಅಂದಿನಿಂದ, ಊರಾಚೆಯ ಮರದಡಿ ಟವೆಲು ಹಾಸಿ ಅಂದರ್-ಬಾಹರ್ ಆಡಿದವನು ಕರ್ನಾಟಕ ಪೊಲೀಸ್ ಕಾಯಿದೆಯ 87ನೆಯ ಕಲಮಿನನ್ವಯ ಠಾಣೆಗೆ ನಡೆದರೆ, ಮಂಚದ ಮೇಲೆ ಮಲಗಿ ಕೈಫೋನಿನಲ್ಲಿ ಮನೆಯ ಪತ್ರ ಅಡವಿಡುವವರೆಗೆ ರಮ್ಮಿಯಾಡಿದವನು ಕುಶಲಕರ್ಮಿಯೆನಿಸಿದನು. 2021ರಲ್ಲಿ ಕರ್ನಾಟಕ ಸರ್ಕಾರವು ಹಣವೊಡ್ಡುವ ಅಂತರ್ಜಾಲದ ಆಟಗಳನ್ನೆಲ್ಲ ನಿಷೇಧಿಸಲೆಳಸಿದಾಗ, ಮುಂದಿನ ಫೆಬ್ರವರಿಯಲ್ಲೇ ಉಚ್ಚ ನ್ಯಾಯಾಲಯವು ಆ ವಿಧಿಗಳನ್ನು ರದ್ದುಗೊಳಿಸಿ ತಮ್ಮ ಕೌಶಲದ ಮಾನವನ್ನು ಕಾಪಾಡಿತು. ಇಷ್ಟು ಕೌಶಲವಿದ್ದೂ ತಾವು ಸೋತಿರೆಂಬುದು ಬೇರೆಯ ಮಾತು.

ನೆರೆಯ ಗೋವೆಯ ವಿವೇಕ ಇನ್ನೂ ಸೂಕ್ಷ್ಮವಾದುದು. ಅಲ್ಲಿ ದಡದ ಮೇಲಿನ ಪಂಚತಾರಾ ಹೋಟೆಲಿನಲ್ಲಿ ಯಂತ್ರದ ಜೂಜಿಗೆ ಮಾತ್ರ ಅನುಮತಿ. ಮನುಷ್ಯನು ಕೈಯಾರೆ ಎಲೆ ಹಂಚುವ ಆಟಕ್ಕೆ ಮಾಂಡೋವಿ ನದಿಯಲ್ಲಿ ತೇಲುವ ಹಡಗೇ ಬೇಕು. ನೆಲದ ಮೇಲೆ ದೋಷವಾದುದು ನೀರಿನ ಮೇಲೆ ಪ್ರವಾಸೋದ್ಯಮವಾಗುವುದನ್ನು ನಮ್ಮ ಯಾವ ಧರ್ಮಶಾಸ್ತ್ರಕಾರನೂ ಊಹಿಸಿರಲಾರನು.

ಇನ್ನು ಬೊಕ್ಕಸದ ಮಾತು. ಮೊದಲು ಕೌಶಲವೆನಿಸಿದ ಆಟಗಳಲ್ಲಿ ಕಂಪನಿಯು ತನಗೆಂದು ಎತ್ತಿಕೊಂಡ ಪಾಲಿನ ಮೇಲೆ ಮಾತ್ರ ನೂರಕ್ಕೆ 18ರಂತೆ ತೆರಿಗೆಯಿತ್ತು. 2023ರ ಅಕ್ಟೋಬರ್ 1ರಿಂದ, ತಾವು ಆಟಕ್ಕೆಂದು ಕಟ್ಟಿದ ಹಣದ ಪೂರ್ಣ ಮೊತ್ತಕ್ಕೇ, ಗೆಲ್ಲುವುದಕ್ಕೂ ಸೋಲುವುದಕ್ಕೂ ಮೊದಲೇ, ನೂರಕ್ಕೆ 28ರಂತೆ ಜಿ.ಎಸ್.ಟಿ. ಬಿದ್ದಿತು. ಆರೇ ತಿಂಗಳಲ್ಲಿ ಅಂತರ್ಜಾಲದ ಆಟಗಳ ತೆರಿಗೆ 1,349 ಕೋಟಿಯಿಂದ 6,909 ಕೋಟಿ ರೂಪಾಯಿಗೆ, ಅಂದರೆ ನೂರಕ್ಕೆ 412ರಷ್ಟು, ಏರಿತೆಂದು ಜಿ.ಎಸ್.ಟಿ. ಮಂಡಳಿಯ ಸಭೆಯ ಬಳಿಕ ವಿತ್ತಮಂತ್ರಿಗಳು ಘೋಷಿಸಿದರು. ವ್ಯಾಪಾರವೇ ಅಲ್ಲವೆಂದು ನ್ಯಾಯಾಲಯ ಹೇಳಿದುದರಿಂದ ಇಷ್ಟು ಹುಟ್ಟುವಳಿ ಬಂದರೆ, ವ್ಯಾಪಾರ ಮಾಡಿ ಬೆವರುವವರು ತಮ್ಮ ಮುಂದೆ ತಲೆತಗ್ಗಿಸಬೇಕಾದುದೇ. ಅಪ್ಪಿತಪ್ಪಿ ತಾವು ಗೆದ್ದಿದ್ದರೂ ನಿವ್ವಳ ಗೆಲುವಿನಲ್ಲಿ ನೂರಕ್ಕೆ 30ನ್ನು ಆದಾಯತೆರಿಗೆಯವರು ಮೊದಲೇ ಮುರಿದುಕೊಂಡಿರುತ್ತಿದ್ದರು.

ಬಳಿಕ 2025ರ ಆಗಸ್ಟಿನಲ್ಲಿ ಪಾರ್ಲಿಮೆಂಟಿನ ಮನಸ್ಸಾಕ್ಷಿ ಥಟ್ಟನೆ ಜಾಗೃತವಾಯಿತು. ನ್ಯಾಯಾಲಯಗಳು ಸುಮಾರು ಏಳು ದಶಕ ತೂಗಿದ ಕೌಶಲಾದೃಷ್ಟಗಳ ಭೇದವನ್ನು ಎರಡೂ ಸದನಗಳು ಎರಡೇ ದಿನಗಳಲ್ಲಿ ಬದಿಗೊತ್ತಿ, ಹಣವೊಡ್ಡುವ ಅಂತರ್ಜಾಲದ ಆಟಗಳನ್ನೆಲ್ಲ ನಿಷೇಧಿಸಿದುವು. 22ರಂದು ರಾಷ್ಟ್ರಪತಿಗಳ ಅಂಕಿತವೂ ಬಿದ್ದಿತು. ಶಿಕ್ಷೆ ಆಡಿಸಿದವರಿಗೆ, ಆಡಿದ ತಮಗಲ್ಲ. ಇದು ನಿಜಕ್ಕೂ ಸ್ತುತ್ಯ. ಆದರೆ ಮರುತಿಂಗಳೇ ಜಿ.ಎಸ್.ಟಿ. ಮಂಡಳಿಯು ಕ್ಯಾಸಿನೋ, ಕುದುರೆಜೂಜು, ಲಾಟರಿಗಳ ತೆರಿಗೆಯನ್ನು ನೂರಕ್ಕೆ 40ಕ್ಕೇರಿಸುವಾಗ, ಆಗತಾನೆ ನಿಷಿದ್ಧವಾದ ಆ ಅಂತರ್ಜಾಲದ ಜೂಜಿನ ಹೆಸರನ್ನೂ ಪಟ್ಟಿಯಲ್ಲಿ ಮರೆಯದೆ ಸೇರಿಸಿತು. ಉತ್ತರಕ್ರಿಯೆ ಮುಗಿದ ಮೇಲೂ ಕಂದಾಯದ ಚೀಟಿ ಕಳಿಸುವ ಈ ದೂರದೃಷ್ಟಿಗೆ ಏನೆನ್ನೋಣ!

ಆದುದರಿಂದ ನನ್ನ ಪ್ರಾರ್ಥನೆಯಿಷ್ಟು. ಈ ಉದ್ಯಮದ ವಾರ್ಷಿಕ ವರದಿಗಳಲ್ಲಿಯೂ ಸರ್ಕಾರದ ಆಯವ್ಯಯದಲ್ಲಿಯೂ ಆದಾಯದ ಅಂಕಣದ ಪಕ್ಕದಲ್ಲೇ ಸೋತವರ ಸಂಖ್ಯೆ, ಅವರು ತೆತ್ತ ಹಣ, ಮಾರಿದ ಹೊಲ, ಅಡವಿಟ್ಟ ತಾಳಿ ಇವಕ್ಕೂ ಒಂದೊಂದು ಅಂಕಣ ಮೀಸಲಾಗತಕ್ಕದ್ದು. ಒಂದೇ ಹಣಕ್ಕೆ ಎರಡು ಹೆಸರುಗಳಿರುವಾಗ ಒಂದನ್ನೇ ಅಚ್ಚುಹಾಕುವುದು ಲೆಕ್ಕಿಗರಿಗೆ ಶೋಭಿಸದು. ಇನ್ನೊಂದು ಸಂಗತಿಯುಂಟು. ತಾವೆಲ್ಲರೂ ಒಂದೇ ಒಂದು ತಿಂಗಳು ಕೈಕಟ್ಟಿ ಕುಳಿತಲ್ಲಿ ಮಾಂಡೋವಿಯ ಹಡಗುಗಳು ಜನರನ್ನು ಆಚೆ ದಡಕ್ಕೆ ದಾಟಿಸುವ ದೋಣಿಗಳಾಗಬೇಕಾದೀತು, ಮಂಡಳಿಯ ನೂರಕ್ಕೆ 40 ಶೂನ್ಯದ 40 ಅಂಶವಾದೀತು. ಇಂಥ ಅಧಿಕಾರ ತಮ್ಮ ಕೈಯಲ್ಲಿದೆಯೆಂಬುದು ತಮ್ಮ ಕಿವಿಗೆ ಬೀಳದಂತೆ ಮಾಲೀಕರೂ ಮಂತ್ರಿಗಳೂ ಬಹಳ ಎಚ್ಚರಿಕೆ ವಹಿಸಿದ್ದಾರೆ. ಈ ಪತ್ರದಲ್ಲಿ ನಾನೂ ಅದನ್ನು ಹೇಳಿಲ್ಲವೆಂದೇ ತಾವು ತಿಳಿಯತಕ್ಕದ್ದು.

ಇಂತು,
ಆಡದೆಯೇ ತಮ್ಮ ಸೋಲಿನ ಫಲವುಣ್ಣುತ್ತಿರುವ
ತಮ್ಮ ವಿಧೇಯ ಪ್ರಜೆ