ಆರ್ದ್ರಭಿತ್ತಿ ಮೀಮಾಂಸೆ

ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಆಗುಂಬೆಯ ಸೀಮೆಯಲ್ಲಿ, ಮನೆಯೊಳಗಣ ಗೋಡೆ ಏತಕ್ಕೆ ಒದ್ದೆಯಾಗುತ್ತದೆಂಬ ಪ್ರಶ್ನೆಯನ್ನು ಪೂರ್ವಾಚಾರ್ಯರಾರೂ ಕೈಗೆತ್ತಿಕೊಳ್ಳದೆ ಹೋದುದರಿಂದ, ಅದನ್ನು ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಪ್ರಯೋಜನಗಳಿಂದೊಡಗೂಡಿದ ಅಧಿಕರಣವನ್ನಾಗಿ ನಿರೂಪಿಸುವ ಭಾರ ನಮ್ಮ ಮೇಲೆ ಬಿದ್ದಿದೆ.

ವಿಷಯವು ಪ್ರತ್ಯಕ್ಷಸಿದ್ಧ. ಆಷಾಢದಲ್ಲಿ ಹಪ್ಪಳ ಮೆತ್ತಗಾಗುತ್ತದೆ. ಬೆಂಕಿಕಡ್ಡಿ ಗೀರಿದರೆ ಮದ್ದಷ್ಟೇ ಉದುರುತ್ತದೆ. ಟ್ರಂಕಿನೊಳಗಿನ ಮದುವೆಯ ಪಂಚೆಗೆ ಬೂಷ್ಟು ಹಿಡಿಯುತ್ತದೆ. ಇವೆಲ್ಲಕ್ಕಿಂತ ಬಲವತ್ತರವಾದ ಪ್ರಮಾಣ ಉಪ್ಪಿನ ಭರಣಿ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡ 75ನ್ನು ದಾಟಿತೆಂದರೆ ಉಪ್ಪು ತಾನಾಗಿ ನೀರೊಡೆಯುವುದರಿಂದ, ಹವಾಮಾನ ಕಚೇರಿಯ ಹಂಗಿಲ್ಲದ ಆರ್ದ್ರತಾಮಾಪಕವೊಂದು ಪ್ರತಿ ಅಡುಗೆಮನೆಯಲ್ಲೂ ಅನಾದಿಯಿಂದ ಕಾರ್ಯನಿರತವಾಗಿದೆ.

ಸಂಶಯವಿಷ್ಟು: ನೀರು ಬಂದುದು ಊರ್ಧ್ವದಿಂದಲೋ, ಅಧೋಭಾಗದಿಂದಲೋ, ಕೊಳವೆಯಿಂದಲೋ, ಗಾಳಿಯಿಂದಲೋ? ಪೂರ್ವಪಕ್ಷಿಗಳು ಬಹುಮಂದಿ. ತಾರಸಿ ಹಾಕಿದ ಮೇಸ್ತ್ರಿ ದೋಷವೆಲ್ಲ ಪಾಯದ್ದೆನ್ನುತ್ತಾನೆ. ಪಾಯ ಕಟ್ಟಿದವನು ನಲ್ಲಿಯವನತ್ತ ಬೆರಳು ತೋರುತ್ತಾನೆ. ನಲ್ಲಿಯವನು ಮಳೆಯ ಮೇಲೆ ಹಾಕುತ್ತಾನೆ. ಬಣ್ಣ ಬಳಿಯುವವನೊಬ್ಬನೇ ಅದ್ವೈತಿ, ಸಕಲ ಕಲೆಗಳೂ ಕೊನೆಗೆ ಒಂದೇ ಬಣ್ಣದಲ್ಲಿ ಲೀನವಾಗುವುವೆಂಬುದು ಅವನ ದರ್ಶನ. ನೀರಿನ ಮೂಲವು ಸದಾ ಮತ್ತೊಬ್ಬನ ಖರ್ಚಿನಲ್ಲಿ ರಿಪೇರಿಯಾಗಬೇಕಾದ ಸ್ಥಾನದಲ್ಲೇ ಇರುವುದೆಂಬುದು ಮಾತ್ರ ಸರ್ವಸಮ್ಮತ.

ಸಿದ್ಧಾಂತವನ್ನು ಹೇಳುತ್ತೇವೆ. ನೆಲದಿಂದ ಗೋಡೆಯೇರುವ ನೀರು ಸಾಮಾನ್ಯವಾಗಿ ಒಂದು ಮೀಟರಿನ ಆಸುಪಾಸಿನಲ್ಲಿ ದಣಿದು ನಿಂತು, ಬಿಳಿಯ ಉಪ್ಪಿನ ಗೆರೆಯನ್ನು ತನ್ನ ರುಜುವೆಂಬಂತೆ ಬಿಟ್ಟುಹೋಗುತ್ತದೆ. ಸೂರಿನಿಂದಿಳಿದುದರ ಕಂದು ಮಂಡಲ ಮಳೆಗೆ ಹಿಗ್ಗಿ ಬಿಸಿಲಿಗೆ ಬತ್ತುತ್ತದೆ. ಕೊಳವೆಯ ನೀರು ಬೇಸಗೆಯಲ್ಲೂ ನಿತ್ಯನೇಮ ತಪ್ಪಿಸದು. ಮೂಲೆಯಲ್ಲಿ, ಬೀರುವಿನ ಬೆನ್ನಹಿಂದೆ ಕಪ್ಪು ಬೂಷ್ಟಾಗಿ ಕಾಣಿಸಿಕೊಳ್ಳುವುದು ತಣ್ಣನೆಯ ಗೋಡೆಯ ಮೇಲೆ ಇಳಿದ ಗಾಳಿಯ ನೀರು. ಇಷ್ಟಕ್ಕೂ ಸಂಶಯ ತೀರದಿದ್ದಲ್ಲಿ, ಪ್ಲಾಸ್ಟಿಕ್ ಹಾಳೆಯೊಂದರ ನಾಲ್ಕಂಚನ್ನೂ ಗೋಡೆಗೆ ಅಂಟಿಸಿ ಎರಡು ದಿನ ಬಿಡತಕ್ಕದ್ದು: ಹನಿ ಹಾಳೆಯ ಹೊರಮೈಯಲ್ಲಿದ್ದರೆ ಗಾಳಿ ಅಪರಾಧಿ, ಒಳಮೈಯಲ್ಲಿದ್ದರೆ ಗೋಡೆ. ಎರಡು ಮುಳ್ಳಿನ ವಿದ್ಯುನ್ಮಾಪಕವನ್ನು ಚುಚ್ಚಿ ನೋಡುವ ನವ್ಯರಾದರೋ, ಉಪ್ಪು ಕೂತ ಗೋಡೆಯನ್ನು ಆ ಯಂತ್ರವು ಇದ್ದುದಕ್ಕಿಂತ ಹೆಚ್ಚು ಒದ್ದೆಯೆಂದು ಸುಳ್ಳುಸಾಕ್ಷಿ ನುಡಿಯುವುದನ್ನು ಮರೆಯಲಾಗದು.

ಇನ್ನು ಪ್ರಯೋಜನ. ಮೂಲವನ್ನರಿಯದೆ ಬಳಿದ ಬಣ್ಣ ಮರುವರ್ಷದ ಮಳೆಗೆ ಹಕ್ಕಳೆ ಹಕ್ಕಳೆಯಾಗಿ ಏಳುತ್ತದೆ. ಈ ಅಧಿಕರಣವನ್ನು ಶ್ರದ್ಧೆಯಿಂದ ಪಠಿಸಿದವನ ಗೋಡೆ ಒಣಗುವುದೆಂದು ನಾವು ಹೇಳಲಾರೆವಾದರೂ, ಯಾರಿಂದ ಹಣ ವಸೂಲು ಮಾಡಬೇಕೆಂಬ ವಿವೇಕವಂತೂ ಅವನಲ್ಲಿ ಉದಯಿಸುತ್ತದೆ.