ಅರವೀರ

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಗುಂಡು ಹೊಡೆಯುವ ಮೈದಾನಗಳಲ್ಲಿ ಶನಿವಾರ ಬೆಳಿಗ್ಗೆ ತಪ್ಪದೆ ಕಾಣಸಿಗುವ ಒಂದು ಬಗೆಯ ಮನುಷ್ಯನೇ ಅರವೀರ. ಹೆಗಲಿಗೆ ಮದ್ದು ತುಂಬಿದ ಎತ್ತಿನ ಕೊಂಬು, ಮೈಗೆ ಜಿಂಕೆ ಚರ್ಮದ ಅಂಗಿ, ತಲೆಗೆ ಬಾಲವಿರುವ ರಕೂನ್ ಟೋಪಿ ಇವನ ಗುರುತುಗಳು. ಸೋಮವಾರದಿಂದ ಶುಕ್ರವಾರದವರೆಗೆ ಇವನು ದಂತವೈದ್ಯನೋ ಲೆಕ್ಕಪರಿಶೋಧಕನೋ ಆಗಿರುತ್ತಾನೆ. ಶನಿವಾರ ಮಾತ್ರ ಹದಿನೆಂಟನೆಯ ಶತಮಾನದವನು. ಟೋಪಿ ವಂಶಪಾರಂಪರ್ಯವಾಗಿ ಬಂದದ್ದೆಂದು ಅವನ ನಂಬಿಕೆ. ಆದರೆ ಅದನ್ನು ಮನೆಮಾತಾಗಿಸಿದ್ದು 1954-55ರಲ್ಲಿ ಡಿಸ್ನಿಯವರು ಟಿವಿಯಲ್ಲಿ ತೋರಿಸಿದ, ಬೇಟೆಗಾರ ಡೇವಿ ಕ್ರಾಕೆಟ್‌ನ ಕಥೆ.

ಕೈಯಲ್ಲಿರುವ ಕೋವಿಗೆ ಮಾತ್ರ ನಿಜವಾದ ವಂಶವಿದೆ. ಜರ್ಮನಿಯಿಂದ ಬಂದು ಲ್ಯಾಂಕಾಸ್ಟರ್ ಸುತ್ತಮುತ್ತ ನೆಲೆಸಿದ ಕಸುಬುದಾರರು ರೂಪಿಸಿದ ಉದ್ದ ನಳಿಗೆಯ ರೈಫಲ್ಲಿನ ನಕಲು ಅದು. ಪೆಟ್ಲುಪ್ಪು 75, ಇದ್ದಿಲು 15, ಗಂಧಕ 10 ಪಾಲಿನ ಕರಿಮದ್ದನ್ನು ನಳಿಗೆಯ ಬಾಯಿಯಿಂದ ಸುರಿದು, ಎಣ್ಣೆ ಸವರಿದ ಬಟ್ಟೆಯಲ್ಲಿ ಸೀಸದ ಗುಂಡನ್ನು ಸುತ್ತಿ, ಕಡ್ಡಿಯಿಂದ ತಳಕ್ಕೆ ಇಳಿಸಬೇಕು. ಚಕಮಕಿ ಕಲ್ಲಿನ ಕಿಡಿ ಮೊದಲು ಹೊರಗಿನ ಬಟ್ಟಲಿನ ಮದ್ದಿಗೆ, ಅಲ್ಲಿಂದ ಒಳಗಿನ ಮದ್ದಿಗೆ ಹತ್ತುತ್ತದೆ.

ಗುರಿ ನೋಡಲು ನಳಿಗೆಯ ತುದಿಯಲ್ಲಿ ಲೋಹದ ತೆಳು ಅಲಗು, ಕಣ್ಣಿನ ಕಡೆ ಕಚ್ಚು ಇರುವ ಪಟ್ಟಿ, ಈ ಎರಡು ಸೈಟುಗಳು, ಅಷ್ಟೇ. ತಿರುಗಿಸಲು ತಿರುಪಿಲ್ಲ. ಎಡಬಲದ ದೋಷಕ್ಕೆ ಸೈಟನ್ನು ಅದರ ಅಡ್ಡ ತೋಡಿನಲ್ಲಿ ಹಿತ್ತಾಳೆ ಕಡ್ಡಿಯಿಟ್ಟು ಸುತ್ತಿಗೆಯಿಂದ ತಟ್ಟಿ ಸರಿಸಬೇಕು; ಮೇಲುಕೆಳಗಿನ ದೋಷಕ್ಕೆ ಅರದಿಂದ ಉಜ್ಜಬೇಕು. ತಯಾರಕರು ಮುಂದಿನ ಅಲಗನ್ನು ಬೇಕೆಂದೇ ಎತ್ತರವಾಗಿ ಬಿಟ್ಟಿರುತ್ತಾರೆ. ಹೀಗಾಗಿ ಹೊಸ ಕೋವಿ ಸಾಮಾನ್ಯವಾಗಿ ಕೆಳಗೆ ಹೊಡೆಯುತ್ತದೆ. ಕೋವಿ ಡೊಂಕೆಂದು ದೂರುವ ಅರವೀರ ಸುಳ್ಳು ಹೇಳುವುದಿಲ್ಲ. ಅವನ ಕಷ್ಟಗಳಿಗೆಲ್ಲ ಈ ಸತ್ಯವೇ ಮೂಲ.

ನಿಯಮ ಸರಳ. ಗುಂಡು ಯಾವ ಕಡೆ ಹೋಗಬೇಕೋ ಹಿಂದಿನ ಸೈಟು ಅದೇ ಕಡೆ ಸರಿಯಬೇಕು, ಮುಂದಿನದಾದರೆ ಅದರ ಎದುರು ದಿಕ್ಕಿಗೆ. ಮುಂದಿನ ಅಲಗು ತಗ್ಗಿದಷ್ಟೂ ಗುಂಡು ಮೇಲೇರುತ್ತದೆ. ಹೊಸಬರಿಗೆ ಅರವೀರ ಇದನ್ನು ಕಾಫಿ ಲೋಟ ಹಿಡಿದು ನಿರರ್ಗಳವಾಗಿ ಬೋಧಿಸುತ್ತಾನೆ. ಲೋಟ ಇಳಿಸಿ ಸುತ್ತಿಗೆ ಹಿಡಿದೊಡನೆ ನಿಯಮ ತಿರುಗುಮುರುಗಾಗುತ್ತದೆ. ನಾಲ್ಕು ಇಂಚು ಎಡಕ್ಕೆ ಬೀಳುತ್ತಿದ್ದ ಗುಂಡು ಎಂಟು ಇಂಚು ಎಡಕ್ಕೆ ಬಿದ್ದಾಗ ಅವನು ಗಾಳಿಯ ದಿಕ್ಕು ನೋಡುತ್ತಾನೆ.

ಲೆಕ್ಕವೂ ಸುಲಭವೇ. ಎರಡು ಸೈಟುಗಳ ನಡುವೆ 36 ಇಂಚು, ಗುರಿಹಲಗೆ 50 ಗಜ ಅಂದರೆ 1800 ಇಂಚು ದೂರ ಎಂದಾದರೆ, ಹಲಗೆಯ ಮೇಲಿನ ಒಂದು ಇಂಚಿಗೆ ಸೈಟಿನಲ್ಲಿ ಬೇಕಾದ ಬದಲಾವಣೆ 0.02 ಇಂಚು, ಸುಮಾರು ಅರ್ಧ ಮಿಲಿಮೀಟರು. ವಾರವಿಡೀ ಹಲ್ಲುಗಳನ್ನು ಇದಕ್ಕಿಂತ ನಾಜೂಕಾಗಿ ಉಜ್ಜುವ ಕೈ ಶನಿವಾರ ಅಷ್ಟು ಅಲ್ಪಕ್ಕೆ ಇಳಿಯುವುದಿಲ್ಲ.

ಬಲ್ಲವರ ಪದ್ಧತಿ ಬೇರೆ. ಮೊದಲು ಮದ್ದಿನ ಅಳತೆ, ಬಟ್ಟೆಯ ದಪ್ಪ, ಗುಂಡಿನ ಗಾತ್ರ ನಿಗದಿಯಾಗಬೇಕು. ಪ್ರತಿ ಈಡಿನ ನಂತರ ನಳಿಗೆಯ ಮಸಿ ಒರೆಸಬೇಕು. ಕೋವಿಯನ್ನು ಮೇಜಿನ ಮೇಲೆ ಊರಿ ಮೂರು ಈಡು ಹೊಡೆದು, ಮೂರೂ ಒಂದೆಡೆ ಬಿದ್ದರೆ ಮಾತ್ರ ಅರಕ್ಕೆ ಕೈಹಾಕಬೇಕು. ಅರವೀರನಿಗೆ ಒಂದೇ ಈಡು ಸಾಕು. ಒಂದು ಕೆಳಗೆ ಬಿತ್ತೇ, ಮುಂದಿನ ಅಲಗನ್ನು ಉಜ್ಜಿದ. ಮರು ಈಡು ಮೇಲೆ ಹೋಯಿತೇ, ಹಿಂದಿನ ಕಚ್ಚನ್ನು ಆಳ ಮಾಡಿದ. ಮತ್ತೆ ಕೆಳಗೆ, ಮತ್ತೆ ಮುಂದಿನ ಅಲಗು. ಬೆಕ್ಕುಗಳಿಗೆ ಬೆಣ್ಣೆ ಪಾಲು ಮಾಡಿದ ಕೋತಿಯ ನ್ಯಾಯದಲ್ಲಿ ಎರಡೂ ಸೈಟುಗಳು ಸಮಸಮವಾಗಿ ಕರಗುತ್ತವೆ. ಕೋತಿಗಾದರೋ ಬೆಣ್ಣೆ ಸಿಕ್ಕಿತ್ತು.

ಅರಕ್ಕೆ ಎಟುಕದ ಕಾರಣಗಳೂ ಇವೆ. ಬಟ್ಟಲಿನ ಮದ್ದು ಕೆನ್ನೆಯ ಪಕ್ಕದಲ್ಲೇ ಭುಗ್ಗೆನ್ನುವಾಗ ಅರವೀರ ಕಣ್ಣು ಮುಚ್ಚುತ್ತಾನೆ. ಇನ್ನೊಂದು ಕಾರಣ ಬಿಸಿಲು. ಹೊಳೆಯುವ ಅಲಗಿಗೆ ಬಲದಿಂದ ಬಿಸಿಲು ಬಿದ್ದರೆ, ಬೆಳಗಿದ ಅಂಚನ್ನೇ ನಡುವೆಂದು ಕಣ್ಣು ಮೋಸಹೋಗಿ ಗುಂಡು ಎಡಕ್ಕೆ ಸರಿಯುತ್ತದೆ. ಬಿಸಿಲು ಎಡಕ್ಕೆ ಬಂದಾಗ ಗುಂಡು ಬಲಕ್ಕೆ. ಬೆಳಿಗ್ಗೆ ಒಂದು ಕಡೆಗೆ ತಟ್ಟಿದ ಸೈಟನ್ನು ಅರವೀರ ಸಂಜೆ ಇನ್ನೊಂದು ಕಡೆಗೆ ತಟ್ಟುತ್ತಾನೆ. ಅಲಗಿಗೆ ಮಸಿ ಬಳಿದಿದ್ದರೆ ಎರಡು ಪೆಟ್ಟೂ ಉಳಿಯುತ್ತಿದ್ದವು.

ದುರ್ಬೀನು ಹಾಕಿ ಪಾರಾಗುವ ದಾರಿಯೂ ಇಲ್ಲ. ಕ್ರಿಸ್‌ಮಸ್ ನಂತರ ಪೆನ್ಸಿಲ್ವೇನಿಯಾದಲ್ಲಿ ಚಕಮಕಿ ಕೋವಿಗೆಂದೇ ಮೀಸಲಾದ ಜಿಂಕೆ ಬೇಟೆಯ ಅವಧಿಯಲ್ಲಿ ಅದು ನಿಷಿದ್ಧ. ಹೀಗಾಗಿ ಡಿಸೆಂಬರಿನಲ್ಲಿ ಅರವೀರ ಅಂಚೆಯಲ್ಲಿ ಹೊಸ ಅಲಗು ತರಿಸುತ್ತಾನೆ. ಅದೂ ಎತ್ತರವಾಗಿಯೇ ಬರುತ್ತದೆ.

ಅರ ಲೋಹವನ್ನು ತೆಗೆಯಬಲ್ಲದೇ ಹೊರತು ಮರಳಿ ಕೊಡಲಾರದು. ಮೂರು ಈಡು ಒಂದೆಡೆ ಹೊಡೆಯಬಲ್ಲವನಿಗೆ ಅದರ ಅಗತ್ಯ ಸ್ವಲ್ಪ. ಹೊಡೆಯಲಾರದವನಿಗೆ ಅದರಿಂದ ಉಪಯೋಗವಿಲ್ಲ. ಅಲಗು ಮಾರುವ ಅಂಗಡಿಗಳು ನಡೆಯುವುದು ಎರಡನೆಯವನಿಂದ.