ಹದಿನಾರು ಬೇಸಿಗೆಯ ರಾಜ

ನಮ್ಮ ರಾಜ ಬಳ್ಳಾರಿಯಲ್ಲಿ 16 ಬೇಸಿಗೆ ಕಂಡ ನಾಯಿ. ಬೇಸಿಗೆಯ ಲೆಕ್ಕವೇ ಯಾಕೆ ಅಂದರೆ, ಇಲ್ಲಿ ಬೇರೆ ಕಾಲ ಇದ್ದರೆ ತಾನೇ! ಸಿರುಗುಪ್ಪದ ಗದ್ದೆ ಬದುವಿನಲ್ಲಿ ಸಿಕ್ಕ ಮರಿ, ಅಕ್ಕಿ ಚೀಲದ ಜೊತೆ ಬಸ್ಸಲ್ಲಿ ಬಂತು. ಟಿಕೆಟ್ ಚೀಲಕ್ಕೆ ಮಾತ್ರ.

"ಏನು ಹಾಕಿ ಸಾಕಿದ್ರಿ?" ಎಂದವರಿಗೆಲ್ಲ ಅವ್ವನದು ಒಂದೇ ಉತ್ತರ: "ಜ್ವಾಳದ ರೊಟ್ಟಿ, ಮಜ್ಜಿಗಿ." ವರ್ಷವರ್ಷ ರೇಬೀಸ್ ಸೂಜಿ ಹಾಕಿಸಿದ ಅಪ್ಪನಿಗೆ ಈ ಕೀರ್ತಿಯಲ್ಲಿ ಚೂರೂ ಪಾಲಿಲ್ಲ. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವ ಭಾಗ್ಯವಿಲ್ಲ, ತೇಕಿಯೇ ತಣ್ಣಗಾಗಬೇಕು. ಅದಕ್ಕೇ ಮಧ್ಯಾಹ್ನವೆಲ್ಲ ನೀರಿನ ಕೊಡದ ಕೆಳಗಿನ ಒದ್ದೆ ಮರಳಿಗೆ ಹೊಟ್ಟೆ ಒತ್ತಿ, ನಾಲ್ಕೂ ಕಾಲು ಚಾಚಿ, ಕಪ್ಪೆಯಂತೆ ಬಿದ್ದಿರುತ್ತಿತ್ತು. ಒಗ್ಗರಣಿ-ಮಿರ್ಚಿ ಪೊಟ್ಟಣ ಬಿಚ್ಚಿದರೆ ಮಾತ್ರ ಒಂದು ಕಿವಿ ಏಳುತ್ತಿತ್ತು. ಈರುಳ್ಳಿ ನಾಯಿಯ ರಕ್ತ ಕೆಡಿಸುತ್ತದೆಂದು ಡಾಕ್ಟರು ಹೇಳಿದ ಮೇಲೆ, ಪಾಪ, ವಾಸನೆಯಷ್ಟೇ ಅದರ ಪಾಲು.

ಹದಿನೈದು ತುಂಬಿದಾಗ ಕುರುಗೋಡಿನ ಅತ್ತೆ ದೊಡ್ಡಬಸವೇಶ್ವರನಿಗೆ ಕಾಯಿ ಒಡೆಸಿದರು. ಪ್ರಸಾದವನ್ನು ರಾಜನೇ ಮುಗಿಸಿದ.

ಆಸ್ಟ್ರೇಲಿಯಾದ ಬ್ಲೂಯಿ ಎಂಬ ನಾಯಿ 1910ರಿಂದ 1939ರವರೆಗೆ, 29 ವರ್ಷ ಬದುಕಿತ್ತೆಂದು ನಾನು ಒಮ್ಮೆ ಹೇಳಿದೆ. ಅವ್ವ ರೊಟ್ಟಿ ತಟ್ಟುವುದನ್ನೂ ನಿಲ್ಲಿಸಲಿಲ್ಲ. "ಅಲ್ಲಿ ಬಳ್ಳಾರಿ ಬಿಸ್ಲು ಐತೇನು?"